ಮಿರ್ಚಿ ತಿಂದರು, ದವಾಖಾನೆ ಮುಚ್ಚಿದರು

ಆರೋಗ್ಯ ನಿಯಮಗಳ ಪರಾಮರ್ಶೆ ಹಾಗೂ ಸರಳೀಕರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಿಯಮಗಳನ್ನು ಸರಳ ಮಾಡಿದ್ದರಿಂದ ನಮ್ಮ ನರೋಣಾದ ಒಂದು ದವಾಖಾನೆಗೆ ಬೀಗ ಬಿದ್ದಿದೆ, ನನ್ನ ತಾಯಿಯ ಬಲಗಾಲಿನ ಎರಡು ಬೆರಳು ಹೋಗಿವೆ. ಸಾರ್ವಜನಿಕರು ಸಲಹೆ ಕೊಡಬಹುದೆಂದು ಪ್ರಕಟಣೆ ಹೊರಡಿಸಿದ್ದೀರಲ್ಲ, ಇದನ್ನು ಸಲಹೆ ಎಂದೇ ತಿಳಿಯಿರಿ. ಆ ಕಾಲಿನಲ್ಲಿ ಇನ್ನೂ ಮೂರು ಬೆರಳು ಉಳಿದಿವೆ. ಅವುಗಳ ಪರವಾಗಿ ಬರೆಯುತ್ತಿದ್ದೇನೆ.

ಎರಡು ಖೋಲಿ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಬೇವಿನ ಕಟ್ಟೆ: ಇಷ್ಟೇ ಆ ದವಾಖಾನೆ. ನಡೆಸುತ್ತಿದ್ದವರು ಗೌಸಿಯಾಬೇಗಂ, ಊರವರ ಬಾಯಲ್ಲಿ ಡಾಕ್ಟರಬಾಯಿ. ನಿಜವಾಗಿ ಓದಿದವರು, ನಿಜವಾಗಿ ನೋಂದಾಯಿಸಿಕೊಂಡವರು. ಕಡೆಗೆ ಅದೇ ಅವರಿಗೆ ಮುಳುವಾಯಿತು. ನನ್ನ ತಾಯಿ ರೇವಮ್ಮನಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಜೋಳದ ಕೂಳೆ ಚುಚ್ಚಿ ಆದ ಗಾಯ ಮಾಯದೇ ಹೋದಾಗ ವಾರಕ್ಕೆರಡು ಸಲ ತೊಳೆದು ಪಟ್ಟಿ ಕಟ್ಟುತ್ತಿದ್ದವರು ಅವರೇ. ಪಟ್ಟಿಯ ಜೊತೆಗೆ ಬೈಗುಳವೂ ಪುಕ್ಕಟೆ.

“ರೇವಮ್ಮಾ, ಖರೇ ಹೇಳ್ರಿ, ಮದಿವ್ಯಾಗ ಎಷ್ಟು ಲಾಡು ತಿಂದ್ರಿ?”

“ಒಂದೇ ತಿಂದೀನ್ರಿ, ಬಾಯಿ.”

“ಒಂದು ಲಾಡೋ, ಒಂದು ಬುಟ್ಟಿಯೋ?”

ಹೀಗೆ ಬೈಸಿಕೊಳ್ಳುತ್ತಲೇ ಗಾಯ ಮಾಯುತ್ತ ಬಂದಿತ್ತು. ಅಷ್ಟರಲ್ಲಿ ನಿಮ್ಮ ಹೊಸ ನಿಯಮ ಹಿಡಿದು ಇಬ್ಬರು ತಪಾಸಣಾಧಿಕಾರಿಗಳು ಬಂದರು.

ನಮ್ಮ ಭಾಗದ ಒಂದು ಕೆಟ್ಟ ಚಟವನ್ನು ಇಲ್ಲಿ ಹೇಳಲೇಬೇಕು. ಬಿಸಿಲಲ್ಲಿ ಬಂದವರನ್ನು ನಾವು ಬರಿಬಾಯಲ್ಲಿ ಕಳಿಸುವುದಿಲ್ಲ. ಪಟ್ಟಿ ಕಟ್ಟಿಸಿಕೊಳ್ಳಲು ಬಂದು ಕಟ್ಟೆಯ ಮೇಲೆ ಕೂತಿದ್ದ ನನ್ನ ತಾಯಿ, ಬೆವರು ಒರೆಸಿಕೊಳ್ಳುತ್ತಿದ್ದ ಸಾಹೇಬರನ್ನು ಕಂಡು ಕರಗಿಹೋದಳು. “ಅಯ್ಯ, ನಮ್ಮ ಡಾಕ್ಟರಬಾಯಿ ಕಡೆ ಬಂದೋರು ಉಪಾಸ ಹೋಗ್ತಾರೇನು? ಏ ದತ್ತಪ್ಪಾ, ಸ್ಟೋ ತಗೊಂಡು ಬಾರೋ!” ಪಕ್ಕದ ಮನೆಯ ದತ್ತಪ್ಪ ಸ್ಟೋ ತಂದ, ಬಾಣಲೆಯನ್ನೂ ತಂದ. ಒಳಗೆ ಕೂಸೊಂದನ್ನು ನೋಡುತ್ತಿದ್ದ ಡಾಕ್ಟರಬಾಯಿ ಹೊರಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಎಣ್ಣೆ ಕಾದಿತ್ತು.

ಚುರುಮುರಿ ಸುಸಲಾ ಬಂತು, ಮಿರ್ಚಿ ಭಜಿ ಬಂತು. “ಇನ್ನೆರಡು ಹಾಕ್ರಿ ಅವ್ವಾ, ಖಾರ ಛಲೋ ಅದ” ಎಂದರು ಹಿರಿಯ ಸಾಹೇಬರು. ಹಾಕಿದಳು. ತಿಂದರು, ತೇಗಿದರು, ಎಣ್ಣೆಯ ಬೆರಳನ್ನು ಕರವಸ್ತ್ರಕ್ಕೆ ಒರೆಸಿ ಅದೇ ಬೆರಳಿನಿಂದ ಬರೆದರು: “ಚಿಕಿತ್ಸಾ ಆವರಣದಲ್ಲಿ ಅಡುಗೆ. ಬೆಂಕಿಯ ಅಪಾಯ.” ತಿಂದದ್ದು ಮರೆತರು, ಕಂಡದ್ದು ಬರೆದರು. ಸಂಜೆಯೊಳಗೆ ಬಾಗಿಲಿಗೆ ಬೀಗ ಬಿತ್ತು.

ದವಾಖಾನೆಯ ಪಡಸಾಲೆಯಲ್ಲಿ ಎಣ್ಣೆ ಕಾಯಿಸಿದ್ದು ತಪ್ಪಲ್ಲ ಎಂದು ನಾನು ವಾದಿಸುವುದಿಲ್ಲ, ತಪ್ಪೇ. ಮೊದಲಾದರೆ ಇಂಥ ತಪ್ಪಿಗೆ ನೋಟಿಸು ಬರುತ್ತಿತ್ತು, ಉತ್ತರ ಕೊಡಲು ಸಮಯ ಸಿಗುತ್ತಿತ್ತು, ಸ್ಟೋ ಮನೆಗೆ ಹೋಗುತ್ತಿತ್ತು, ಕಥೆ ಮುಗಿಯುತ್ತಿತ್ತು. ಆ ನೋಟಿಸು ಮತ್ತು ಸಮಯ ಎರಡನ್ನೂ ‘ಅನಗತ್ಯ ಹಂತ’ವೆಂದು ಕಿತ್ತುಹಾಕಿದವರು ತಾವು. ಹಾಗಾದರೆ ತಮ್ಮ ಕೈಯಲ್ಲಿ ಸರಳವಾದದ್ದು ಯಾವುದು? ಬೀಗ ಹಾಕುವುದು. ಮುಚ್ಚಲು ಒಂದು ಸಹಿ ಸಾಕು, ತೆರೆಯಲು ಹತ್ತು ಮೇಜು ಬೇಕು. ಬಾಗಿಲು ತೆರೆದಿದ್ದರೆ ಮಾತ್ರ ಮರುಪರಿಶೀಲನೆಯಂತೆ, ಮರುಪರಿಶೀಲನೆ ಆದರೆ ಮಾತ್ರ ಬಾಗಿಲು ತೆರೆಯಬಹುದಂತೆ! ನಾನು ಹಿಟ್ಟಿನ ಗಿರಣಿ ನಡೆಸುವವ. ಜೋಳ ಚೆಲ್ಲಿ ಕಲ್ಲು ಬೀಸುವವರನ್ನು ಇದುವರೆಗೆ ಕಂಡಿರಲಿಲ್ಲ. ಆ ದರ್ಶನಭಾಗ್ಯ ತಮ್ಮ ಸಮಿತಿಯಿಂದ ಲಭಿಸಿತು.

ಕಾದು ಕಾದು ಬೇಸತ್ತ ಡಾಕ್ಟರಬಾಯಿ ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನೌಕರಿಗೆ ಸೇರಿದರು. ಗಾಯದ ಕಾಲನ್ನು ಬಸ್ಸಿನ ಗದ್ದಲದಲ್ಲಿ ತುಳಿಸಿಕೊಂಡು ವಾರಕ್ಕೆರಡು ಸಲ ಅಲ್ಲಿಗೆ ಹೋಗಿಬರಲು ತಾಯಿಯಿಂದಾಗಲಿಲ್ಲ. ಆಗ ಮನೆ ಬಾಗಿಲಿಗೇ ಬಂದ, ಬೈಕಿನ ಚೀಲದಲ್ಲಿ ಸೂಜಿ ಇಟ್ಟುಕೊಂಡು ಊರೂರು ತಿರುಗುವ ಮಹಾಶಯ. ಅವನಿಗೆ ಓದೂ ಇಲ್ಲ, ಬೋರ್ಡೂ ಇಲ್ಲ. ಒಂದು ಸೂಜಿ ಚುಚ್ಚಿ, ಏನೋ ಪುಡಿ ಉದುರಿಸಿ ಕಟ್ಟಿದ. “ಪಟ್ಟಿ ಬಿಚ್ಚಬ್ಯಾಡ್ರಿ, ಗಾಳಿ ತಗಲ್ತದ” ಎಂದು ಹೇಳಿ ಹೋದ. ವಾಸನೆ ಬಂದ ಮೇಲೆ ನಾವು ಬಿಚ್ಚಿದೆವು. ಬೆರಳು ಕಪ್ಪಾಗಿದ್ದವು. ಕಲಬುರಗಿಯಲ್ಲಿ ಎರಡನ್ನು ತೆಗೆದರು.

ಆ ಸೂಜಿಯವನನ್ನು ಯಾಕೆ ಹಿಡಿಯುವುದಿಲ್ಲ ಎಂದು ಮಿರ್ಚಿ ತಿಂದ ಸಾಹೇಬರಿಗೇ ಫೋನು ಮಾಡಿ ಕೇಳಿದೆ. ಅವರ ಉತ್ತರವನ್ನು ತಾವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು: “ಅಂವಂದು ನೋಂದಣಿನೇ ಇಲ್ಲಲ್ರಿ! ನೋಂದಣಿ ಇಲ್ಲದವನ್ನ ನಾವು ಹ್ಯಾಂಗ ತಪಾಸಣಿ ಮಾಡೋದ್ರಿ?” ಅಂದರೆ ನಿಮ್ಮ ನಿಯಮ ತಾವಾಗಿ ಕೈ ಚಾಚಿದವರ ಕೈಯನ್ನೇ ತಿರುಚುತ್ತದೆ, ಓಡಿಹೋದವರಿಗೆ ರಸ್ತೆ ಬಿಟ್ಟು ನಿಲ್ಲುತ್ತದೆ. ಕಳ್ಳನನ್ನು ಬಿಟ್ಟು, ಬಾಗಿಲಿಗೆ ಹೆಸರು ಬರೆಸಿಕೊಂಡವರನ್ನು ಹಿಡಿಯಲು ಒಂದು ಸಮಿತಿ, ಅದಕ್ಕೊಬ್ಬ ಅಧ್ಯಕ್ಷರು, ಅವರಿಗೊಂದು ಕಾರು ಬೇಕಿತ್ತೇ?

ನನ್ನ ಬೇಡಿಕೆ ಚಿಕ್ಕದು. ಮುಚ್ಚಿದಷ್ಟೇ ಸುಲಭವಾಗಿ ತೆರೆಯಿರಿ. ಬೀಗ ಹಾಕಿದ ಅದೇ ಒಂದು ಸಹಿಯಿಂದ ಬೀಗ ತೆಗೆಯಿರಿ. ತೆರೆದರೆ ಮರುದಿನವೇ ಬರುತ್ತೇನೆಂದು ಡಾಕ್ಟರಬಾಯಿ ಮಾತು ಕೊಟ್ಟಿದ್ದಾರೆ. ಗಾಯ ಇನ್ನೂ ಹಸಿಯಾಗಿದೆ. ತಮ್ಮ ಮುಂದಿನ ಸಭೆಯ ತನಕ ಕಾಯುವ ಸಹನೆ ಮೂರನೆಯ ಬೆರಳಿಗೆ ಇದ್ದಂತಿಲ್ಲ.

ತಾವೇ ಖುದ್ದಾಗಿ ಬಂದು ನೋಡಬೇಕು. “ಆದರೆ ಈ ಸಲ ಕುಡಿಯುವ ನೀರನ್ನೂ ತಾವೇ ತರತಕ್ಕದ್ದು” ಎಂದು ಇಲ್ಲಿ ಬರೆದಿದ್ದೆ. ತಾಯಿಗೆ ಓದಿ ಹೇಳಿದಾಗ ಸಿಡುಕಿದಳು. “ಛೀ, ಅದೊಂದು ತಗಿಯೋ ಕಲ್ಯಾಣಿ. ಬಿಸಲಾಗ ಬಂದೋರಿಗಿ ನೀರು ಕೊಡಲ್ಲಂತ ಯಾರಾದರ ಬರೀತಾರೇನು?”

ತೆಗೆದಿದ್ದೇನೆ. ಬನ್ನಿ, ಚಹಾ ಸಿಗುತ್ತದೆ. ದವಾಖಾನೆಯಿಂದ ದೂರ, ನಮ್ಮ ಮನೆಯ ಒಲೆಯ ಮೇಲೆಯೇ ಕುದಿಸುತ್ತೇವೆ. ತಾಯಿ ಮಲಗಿರುವ ಒಳಗಿನ ಖೋಲಿಯ ತನಕ ಮಾತ್ರ ತಾವೇ ನಡೆದು ಬರಬೇಕು. ಈ ಸಲ ಆಕೆ ಎದ್ದು ಬಂದು ಬಡಿಸಲಾರಳು.

ಇಂತಿ,
ತಮ್ಮ ಸರಳತೆಯ ಭಾರ ಹೊತ್ತು ಸುಸ್ತಾದ
ಕಲ್ಯಾಣಕುಮಾರ, ಬಿ.ಎ. (ಕನ್ನಡ ಮಾಧ್ಯಮ)
ಹಿಟ್ಟಿನ ಗಿರಣಿ, ನರೋಣಾ, ಆಳಂದ ತಾಲೂಕು