ಹುಳದ ಮೇಲೆ ಹೊರಿಸಿದ ಅಸಹ್ಯ

ಶಿಡ್ಲಘಟ್ಟ
ಶನಿವಾರ, 16 ನವೆಂಬರ್ 2024

ಪ್ರೀತಿಯ ರೂಪಕ್ಕನಿಗೆ,

ಹೇಗಿದ್ದೀಯ? ಮಸ್ಕತ್ತಿನ ಸೆಕೆ ಕಡಿಮೆಯಾಯಿತಾ, ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲಿ ಊರಿಗೆಲ್ಲ ಮಾತ್ರೆ ನುಂಗಿಸುವ ನರ್ಸಮ್ಮ ತನ್ನ ಮಾತ್ರೆ ಮಾತ್ರ ಮರೆಯುತ್ತಾಳೆ ಎಂದು ಅಮ್ಮ ಬೈಯುತ್ತಲೇ ಇರುತ್ತಾಳೆ. ಫೋನಿನಲ್ಲಿ ಹೇಳಲು ಹೋದರೆ ನನ್ನ ಬಾಯಿಂದ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ. ಅದಕ್ಕೇ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನನ್ನ ಕಾಗೆಕಾಲು ಅಕ್ಷರ ನಿನಗೆ ಹೊಸದೇನಲ್ಲ.

ಎಂ.ಎಸ್ಸಿ. ಮುಗಿಸಿಯೂ ಇನ್ನೇನು ಓದುತ್ತಿದ್ದೀಯ ಎಂದು ಕೇಳುತ್ತಿದ್ದೆಯಲ್ಲ, ಈ ಸಿಬಿಟಿ ಎಂಬ ಮನೋಚಿಕಿತ್ಸೆಯ ತರಬೇತಿಯಲ್ಲಿ ಕಲಿಸುವುದು ಇಷ್ಟು: ಮನಸ್ಸಿಗೆ ಬಂದ ಯೋಚನೆಗೆ ಆಧಾರ ಇದೆಯೇ ಎಂದು ಬಂದವರ ಜೊತೆ ಕೂತು ನೋಡುವುದು. ಯಾವುದನ್ನು ಕಂಡರೆ ಭಯವೋ ಅಸಹ್ಯವೋ ಆಗುತ್ತದೋ ಅದರ ಹತ್ತಿರಕ್ಕೆ ಅವರನ್ನು ಮೆಲ್ಲಗೆ ಕರೆದೊಯ್ಯುವುದು. ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸು ಹತ್ತಲು ನಡುಗುತ್ತಿದ್ದ ಅಲೀಪುರದ ಮೇಷ್ಟ್ರೊಬ್ಬರು ಈಗ ಕಿಟಕಿ ಸೀಟಿಗಾಗಿ ಜಗಳ ಆಡುತ್ತಾರಂತೆ! ಸಿಟ್ಟು ನಮಗೆ ಕಲಿಸುವ ರಮೇಶ್‌ಬಾಬು ಸರ್ ಮೇಲೆ. ಸಿಟ್ಟು ಎಂದರೂ ಕಡಿಮೆಯೇ, ಆ ಮನುಷ್ಯನೆಂದರೆ ನನಗೆ ಅಸಹ್ಯ.

ದೀಪಾವಳಿಗೆ ಮುಂಚೆ ಗೂಡಿನಿಂದ ರೇಷ್ಮೆ ಎಳೆ ಬಿಚ್ಚುವ ಇಲ್ಲಿಯ ಒಂದು ಮನೆಯ ಸೊಸೆಯನ್ನು ಅವಳ ಮಾವ ನಾನು ತರಬೇತಿಗೆ ಕೂರುವ ಸಲಹಾ ಕೇಂದ್ರಕ್ಕೆ ಕರೆತಂದ. ಗೂಡು ಬೇಯುವ ಬಿಸಿನೀರಿನ ಬೇಸಿನ್ ಮುಂದೆ ಕೂತರೆ ವಾಂತಿ ಮಾಡುತ್ತಾಳೆ, ಹುಳ ಕಂಡರೆ ಅಸಹ್ಯ ಪಡುತ್ತಾಳೆ ಎಂದ. ಸರ್ ಅವಳನ್ನು ನನಗೆ ಒಪ್ಪಿಸಿದರು. ಗೂಡಿನ ಫೋಟೋ ತೋರಿಸಿದೆ, ನೋಡಿದಳು. ಗೂಡನ್ನೇ ಕೈಗಿಟ್ಟೆ, ಹಿಡಿದಳು. ಬೆಂದ ಹುಳವನ್ನು ತಟ್ಟೆಯಲ್ಲಿಟ್ಟಾಗ ಮೂಗು ಮುಚ್ಚಿಕೊಂಡವಳು ನಾನು, ಅವಳಲ್ಲ. ಸರ್‌ಗೆ ಖುಷಿಯೋ ಖುಷಿ. ಕೊನೆಯ ಅಭ್ಯಾಸ ಮನೆಯ ಬೇಸಿನ್ ಮುಂದೆಯೇ ಆಗಬೇಕು, ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಮಾಡಿಸಬೇಕು ಎಂದು ಹೇಳಿ, ಆ ಕೆಲಸಕ್ಕೆ ಮಾವನನ್ನೇ ನೇಮಿಸಿದರು. ಅವನು ಹಲ್ಲುಕಿರಿದ. ಹುಡುಗಿ ನನ್ನ ಮೇಜಿನ ಕೆಳಗಿದ್ದ ಕಸದ ಬುಟ್ಟಿಗೆ ವಾಂತಿ ಮಾಡಿದಳು.

ಮಾವನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ ಕೇಳಿದೆ. "ಹುಳ ಏನ್ ಮಾಡ್ತದಕ್ಕಾ, ಪಾಪ, ಅದು ಸತ್ತಿರ್ತದೆ. ಎಳೆ ಹಿಡಿಯೋದು ತೋರಿಸ್ತೀನಿ ಅಂತ ಇವ್ನು ಹಿಂದೆ ಬಂದು ಅಂಟ್ಕಂಡು ನಿಂತ್ಕಂತಾನೆ. ಒಂದು ಕೈ ನನ್ ಕೈ ಮೇಲೆ, ಇನ್ನೊಂದು ಎಲ್ಲೆಲ್ಲೋ" ಎಂದಳು. ಗಂಡನಿಗೆ ಹೇಳಿದರೆ ನಮ್ಮಪ್ಪ ದೇವರಂಥವನು ಎಂದನಂತೆ. ಗೌರಿಬಿದನೂರು ಕಡೆಯ ತವರಿಗೆ ಹೋದರೆ ಅಣ್ಣ ಮರುದಿನವೇ ತಂದು ಬಿಟ್ಟನಂತೆ.

ಸರ್‌ಗೆ ಹೇಳಿದೆ. "ಅದು ಅವಳ ಥಾಟ್ ಅಷ್ಟೇ ಕಣಮ್ಮ, ಎವಿಡೆನ್ಸ್ ಎಲ್ಲಿದೆ? ಪಾಪ, ಹಿರಿಯರು, ಕೆಲಸ ಕಲಿಸ್ತಿರಬಹುದಲ್ವಾ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಚಿಕ್ಕಬಳ್ಳಾಪುರದ ತರಗತಿಯಲ್ಲಿ ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದು, ಇನ್ನೊಬ್ಬರ ಮನಸ್ಸಿನಲ್ಲಿರುವುದು ತನಗೆ ಗೊತ್ತು ಎಂದು ಭ್ರಮಿಸುವ ಯೋಚನೆಗೆ ಇದು ಒಳ್ಳೆಯ ಉದಾಹರಣೆ ಎಂದರು. ಅವನ ಮನಸ್ಸನ್ನು ಅವಳು ಯಾಕೆ ಓದಬೇಕು ಅಕ್ಕ, ಅವನ ಕೈ ಅವಳ ಮೈಮೇಲಿತ್ತು! ನನ್ನ ಜೊತೆಯವರು ತಲೆ ಬಗ್ಗಿಸಿ ಬರೆದುಕೊಂಡರು. ಒಬ್ಬನಂತೂ ಕಿಸಕ್ಕನೆ ನಕ್ಕ. ಥೂ, ಇಂಥವರ ಜೊತೆ ಕೂತು ಊಟ ಮಾಡಿದ್ದೆನಲ್ಲ ಅನ್ನಿಸಿತು.

ನಿನ್ನೆ ಮಾವ ಮತ್ತೆ ಅವಳನ್ನು ಕರೆತಂದು ಜಗಲಿಯಲ್ಲಿ ಕೂತ. ಗುಣವಾಗಿದೆ ಎಂದು ಬರೆದು ಅವನ ಜೊತೆ ಕಳಿಸು ಎಂದರು ಸರ್. ಬರೆಯುವುದಿಲ್ಲ ಎಂದೆ. ಹಾಗಾದರೆ ನಿನ್ನ ತರಬೇತಿ ಇಲ್ಲಿಗೆ ಮುಗಿಯಿತು ಎಂದುಕೋ ಎಂದರು. ಎಂದುಕೊಂಡೆ. ಮುಂದಿನ ವಾರ ಮೇಲಿನವರಿಗೆ ದೂರು ಕೊಡುತ್ತೇನೆ. ಆಮೇಲೆ ಬೇರೆ ಕಡೆ ಸೇರಿ ಇದೇ ವಿದ್ಯೆಯನ್ನು ಮನುಷ್ಯರಿಂದ ಕಲಿಯುತ್ತೇನೆ.

ಅಮ್ಮ ಗಟ್ಟಿಯಾಗಿದ್ದಾಳೆ. ಅಂಬಾಜಿದುರ್ಗದ ಕಡೆಯಿಂದ ಅವರೆಕಾಯಿ ಬರಲು ಶುರುವಾಗಿದೆ, ನಿನ್ನ ಪಾಲನ್ನೂ ನಾನೇ ತಿನ್ನುತ್ತೇನೆ, ಹೊಟ್ಟೆಕಿಚ್ಚು ಪಡು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ
ತನುಜ

ತಾ.ಕ.: ಇದಕ್ಕೋಸ್ಕರವೇ ಇಷ್ಟೆಲ್ಲ ಬರೆದದ್ದು. ಆ ಹುಡುಗಿ ನಿನ್ನೆಯಿಂದ ಚಿಂತಾಮಣಿಯ ನಮ್ಮ ಮನೆಯಲ್ಲಿ ಅಮ್ಮನ ಜೊತೆ ಇದ್ದಾಳೆ. "ಬರ್ತೀಯಾ" ಎಂದೆ, ಬಂದಳು. ಕೇಂದ್ರದ ಹಿಂಬಾಗಿಲಿನಿಂದ ಕರೆದುಕೊಂಡು ಹೋಗಿ ಚಿಂತಾಮಣಿ ಬಸ್ಸು ಹತ್ತಿಸಿದೆ. ಸೋಮವಾರ ವಕೀಲರೊಬ್ಬರನ್ನು ಕಾಣಬೇಕು, ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು. ಅಮ್ಮ ಏನೂ ಕೇಳಲಿಲ್ಲ, ಅಕ್ಕಪಕ್ಕದವರಿಗೆ "ನಮ್ಮ ರೂಪನ ಜೊತೆ ನರ್ಸಿಂಗ್ ಓದಿದೋಳು" ಎಂದುಬಿಟ್ಟಿದ್ದಾಳೆ. ಪಕ್ಕದ ಮನೆಯ ವೆಂಕಟರವಣಪ್ಪ ನಂಬಿಲ್ಲ, ಇವತ್ತು ಸಂಜೆ ನಿನಗೇ ಫೋನ್ ಮಾಡಿ ವಿಚಾರಿಸುತ್ತಾನಂತೆ. ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ಗೊತ್ತು. ಈ ಒಂದು ಸಲ ಹೇಳು. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದೆವು ಎನ್ನು. ಅವಳ ಹೆಸರು ಭಾನುಪ್ರಿಯಾ.