ಮೊದಲು ಜೀವ, ಆಮೇಲೆ ರೇಟು

ಅಪ್ಪಾ,

ಆರಾಮ ಇದ್ದೀರಾ ಎಂದು ಈಗ ಕೇಳುವ ಹಾಗಿಲ್ಲ. ಇದ್ದಾಗಲೂ ನೀವು ಇಲ್ಲಿ ಆರಾಮವಾಗಿ ಎಲ್ಲಿದ್ದಿರಿ?

ಎಪ್ಪತ್ತಮೂರರ ಕೊನೆಗೆ ಆಫ್ರಿಕಾದ ಝೈರ್ ಸರಕಾರ ಪರದೇಶಿಗಳ ಅಂಗಡಿಗಳನ್ನು ಕಿತ್ತುಕೊಂಡಿತು. ಕನಂಗಾ ಪೇಟೆಯ ನಿಮ್ಮ ಬಟ್ಟೆ ಅಂಗಡಿಯೂ ಹೋಯಿತು. ಒಂದು ಟ್ರಂಕು ಹಿಡಿದು ಅಕ್ಕಲಕೋಟೆಯ ನಮ್ಮ ಬಾಗಿಲಲ್ಲಿ ನಿಂತಿರಿ. ಅಷ್ಟು ವರ್ಷ ಒಬ್ಬಳೇ ಮನೆ ನಡೆಸಿದ ಅವ್ವ ಕಾಲಿಗೆ ನೀರು ಕೊಟ್ಟಳು. ನೀವು ಕೇಳಿದ್ದು, "ಚಾ ಆಗೇದೇನು?"

ಸೋಲಾಪುರದ ಪೇಟೆಗೆ ನನ್ನನ್ನು ಕರೆದೊಯ್ದ ದಿನ ನೆನಪಿದೆಯೇ? ಚಾದರದ ಅಂಗಡಿಯಲ್ಲಿ ಗಿರಾಕಿಯೊಬ್ಬ ಕಾಲಿಡುತ್ತಲೇ ರೇಟು ಕೇಳಿದ. ನಿಮಗೆ ಸಿಟ್ಟು ಬಂತು. "ಅಲ್ಲಿ ಲೂಬಾ ಮಂದಿ ಹಿಂಗ ಮಾಡಂಗಿಲ್ಲವ್ವಾ. ಮೊದಲ ಮೊಯೊ ಅಂತಾರ. ಚಿಲೂಬಾದಾಗ ಮೊಯೊ ಅಂದ್ರ ಜೀವ. ನಿನಗ ಜೀವ ಇರಲಿ ಅಂತ ಹೇಳಿ, ಆಮ್ಯಾಲ ರೇಟು." ಆ ಭಾಷೆಯಲ್ಲಿ ದನಿ ಏರಿಳಿದರೆ ಅರ್ಥವೇ ಬೇರೆಯಾಗುತ್ತದೆ ಎಂದು ನನಗೆ ತಿದ್ದಿ ತಿದ್ದಿ ಕಲಿಸಿದಿರಿ. ಮನೆಯಲ್ಲಿ ನೀವು ನಕ್ಕದ್ದು ಆ ಪಾಠದಲ್ಲಿ ಮಾತ್ರ.

ಒಂದು ಬೆಳಿಗ್ಗೆ ಆಕಳಿಗೂ ಮೊಯೊ ಅಂದಿರಿ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ದನದ ಜೀವಾನೂ ಕೇಳ್ತೀರಿ. ನನ್ನ ಜೀವಾ ಯಾವಾಗರೆ ಕೇಳೀರೇನು?" ನೀವು ಚಪ್ಪಲಿ ಮೆಟ್ಟಿ ಹೊರಗೆ ನಡೆದಿರಿ. ಒಂದು ಶಬ್ದ ಸಾಕಿತ್ತು ಅಪ್ಪಾ. ಯಾವ ಭಾಷೆಯಲ್ಲಿ ಅಂದಿದ್ದರೂ...

ನೀವು ತೀರಿಕೊಂಡ ಹತ್ತನೆಯ ದಿನದ ಸುದ್ದಿ ನಿಮಗೆ ಗೊತ್ತಿಲ್ಲ. ಕುರನೂರಿನ ಹತ್ತಿರ ಬೋರಿ ಹೊಳೆಯ ದಂಡೆಯಲ್ಲಿ ಪಿಂಡವಿಟ್ಟೆವು. ಅವ್ವನೂ ಹಟ ಹಿಡಿದು ಬಂದಿದ್ದಳು. ಕಾಗೆ ಕಲ್ಲಿನ ಮೇಲೆ ಕೂತು ನೋಡಿತೇ ಹೊರತು ಮುಟ್ಟಲಿಲ್ಲ. ಏನೋ ಆಸೆ ಉಳಿದಿದೆ, ಮಾತು ಕೊಡಿ ಎಂದರು ಭಟ್ಟರು. ಅಣ್ಣ, "ಅವ್ವನ್ನ ನೋಡ್ಕೋತೀನ್ರಿ" ಅಂದ. ಕಾಕಾ "ಪೋರೀಚಂ ಲಗ್ನ ಮೀ ಕರತೋ" ಎಂದು ನನ್ನ ಮದುವೆಯ ಹೊಣೆ ಹೊತ್ತರು. ಕಾಗೆ ಅಲುಗಲಿಲ್ಲ. ನಿಮಗೆ ಬೇಕಾದದ್ದು ನನಗೆ ಗೊತ್ತಿತ್ತು. ಆ ಮಾತು ಒಮ್ಮೆ ಕಿವಿಗೆ ಬೀಳಬೇಕಿತ್ತು, ಅಲ್ಲವೇ? ಮೊಯೊ ಎನ್ನಲು ಬಾಯಿ ತೆರೆದೆ.

ಅವ್ವ ನನ್ನ ಮೊಣಕೈ ಹಿಡಿದಳು. "ಬ್ಯಾಡ. ಕುಂದರ್ಲಿ. ನಾ ಕುಂತಿಲ್ಲೇನು ಇಷ್ಟು ವರ್ಷ?"

ಕೊನೆಗೆ ಭಟ್ಟರು ದರ್ಭೆಯಲ್ಲೇ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಆ ಶಬ್ದವನ್ನು ನಾನು ಮನೆಗೆ ವಾಪಸು ತಂದೆ. ದಿನಾ ಬೆಳಿಗ್ಗೆ, ನೀವು ತಿದ್ದಿದ ದನಿಯಲ್ಲೇ, ಅವ್ವನಿಗೆ ಹೇಳುತ್ತೇನೆ. ನಿಮ್ಮ ಫೋಟೋ ಎದುರಿಗೇ ಇದೆ. ಅದಕ್ಕೆ ಮಾತ್ರ ಹೇಳುವುದಿಲ್ಲ.

ಶಾಲಿನಿ