ಗಂಜಿಯ ಮೊದಲ ಗುಟುಕು

ಚಪ್ಪರದಹಳ್ಳಿ
ಕ್ರಿ.ಶ. 2391, ಫೆಬ್ರವರಿ 31

ಹಿಂದಿನ ಕಾಲದವರೇ,

ತಾರೀಖು ಕಂಡು ನಗಬೇಡಿ. ತಿಂಗಳುಗಳನ್ನು ಹೊಸದಾಗಿ ಹಂಚಿದಾಗ ಫೆಬ್ರವರಿಗೂ ಮೂರು ದಿನ ಹೆಚ್ಚು ಸಿಕ್ಕಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕತೆ ಹೇಳುವ ಓಬಕ್ಕ ನಾನು, ಬರೆದು ರೂಢಿಯಿಲ್ಲ.

ನಮ್ಮ ಊರಿಗೆ ಊರೇ ಸೂರ್ಯಚಪ್ಪರದ ಕೆಳಗಿದೆ. ಮೇಲೆ ಬಿಸಿಲು ಹಿಡಿಯುವ ಹಾಸು, ಕೆಳಗೆ ರಾಗಿ, ಕುರಿ, ನಾವು. ಸಂಜೆ ನಾನು ಕತೆ ಹೇಳಿದರೆ ತಂಗಿ ಕದುರಮ್ಮ ದಮ್ಮಡಿ ಬಾರಿಸುತ್ತಾಳೆ. ಯಾವ ಕೆಲಸಕ್ಕೆ ಹೊರಟರೂ ದಮ್ಮಡಿಯವಳು ಕತೆಗಾರ್ತಿಗೆ ಗಂಜಿಯ ಮೊದಲ ಗುಟುಕು ಕುಡಿಸಬೇಕೆಂಬುದು ನಮ್ಮ ಕತೆಮೇಳದ ಕಟ್ಟಳೆ. ನಲವತ್ತು ವರ್ಷ ಅವಳ ಕೈಯಿಂದಲೇ ಕುಡಿದೆ.

ಈಚೆಗೆ ನನ್ನ ಎದೆಯಲ್ಲಿ ಸರದಿ ತಪ್ಪಿದ ಮಿಡಿತಗಳು ಶುರುವಾದವು. ಒಂದು ಬಡಿತ ಮುಂಚೆಯೇ ನುಗ್ಗುತ್ತದೆ, ಆಮೇಲೆ ಎದೆ ಒಂದು ಗಳಿಗೆ ಖಾಲಿ. ಕತೆಯ ನಡುವೆ ಹಾಗಾದರೆ ಮಾತು ನಿಲ್ಲಿಸಿ ಎದೆ ಹಿಡಿದುಕೊಳ್ಳುತ್ತಿದ್ದೆ. ಜನ ಉಸಿರು ಬಿಗಿಹಿಡಿಯುತ್ತಿದ್ದರು. ಆ ನಿಲುಗಡೆಯಿಂದಲೇ ಮೇಳ ಹೆಸರಾಯಿತು. ಆದರೆ ನನ್ನ ಕಾಲು ಊದಿತು, ಮೂರು ಮೆಟ್ಟಿಲು ಹತ್ತಲಾರದೆ ಹೋದೆ. ಹೃದಯ ಸೋಲುತ್ತಿದೆ ಎಂದರು ವೈದ್ಯೆ.

ನಿಮ್ಮ ಕಾಲದಲ್ಲಿ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಇಂಥ ಮಿಡಿತ ಹುಟ್ಟುವ ಜಾಗ ಹುಡುಕಿ ಸುಡುತ್ತಿದ್ದರಂತೆ. ನಮ್ಮಲ್ಲಿ ನಾಡಿಬಲೆಯಿದೆ. ಎದೆಗೆ ಹೊದಿಸಿದರೆ ಮಿಡಿತ ಹೊರಟ ಜಾಗ ತೋರಿಸಿ, ಅಲ್ಲಿಗೇ ಕಿರಣ ಬಿಡುತ್ತದೆ. ಆದರೆ ಮಿಡಿತ ಬಂದರಷ್ಟೇ ಜಾಗ ಕಾಣುವುದು. ತೀರಾ ಕಷ್ಟದ ದಿನಕ್ಕೆಂದು ಮಿಡಿತ ಅಡಗಿಸುವ ಮಾತ್ರೆ ಕೊಟ್ಟಿದ್ದ ವೈದ್ಯೆ, ಬಲೆ ಬರುವ ವಾರ ಅದನ್ನು ಮುಟ್ಟಬೇಡಿ ಎಂದಿದ್ದರು. ಆರು ತಿಂಗಳಿಗೊಮ್ಮೆ ಬಲೆ ಹೊತ್ತು ಬರುವ ಗಾಡಿ ಬಂತು, ಹೊದ್ದು ಮಲಗಿದೆ. ಒಂದು ಮಿಡಿತವೂ ತಪ್ಪಲಿಲ್ಲ. ವೈದ್ಯೆ ರಕ್ತ ನೋಡಿದರು.

"ಮಾತ್ರೆ ತಗೊಂಡಿದ್ದೀರಲ್ಲ ಅಜ್ಜಿ!"

"ಇಲ್ಲ ತಾಯಿ, ಆಣೆ ಮಾಡ್ತೀನಿ" ಎಂದೆ. ಕದುರಮ್ಮ ನೆಲ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಬಾಯಿ ಬಿಟ್ಟಳು. "ನಾನೇ ಗಂಜೀಲಿ ಕಲಸ್ದೆ ಕಣಕ್ಕ. ನೀನು ಹಂಗೆ ನಿಲ್ಲೋದು ಹೋದ್ರೆ ನಮ್ ಕತೆ ಯಾರ್ ಕೇಳ್ತಾರೆ?"

"ನಾನೇ ಹೋದ್ರೆ ಯಾರೇ ಹೇಳ್ತಾರೆ?"

ಗಾಡಿ ಮುಂದಿನ ಊರಿಗೆ ಹೊರಟುಹೋಯಿತು.

ಆರು ತಿಂಗಳು ಉಸಿರಾಡಲಾಗದೆ ಕೂತೇ ನಿದ್ದೆ ಮಾಡಿದೆ. ಮೊನ್ನೆ ಗಾಡಿ ಮತ್ತೆ ಬಂದಾಗ ಗಂಜಿ ನಾನೇ ಕಾಯಿಸಿಕೊಂಡೆ. ಹೃದಯದ ಬಲಗೋಣೆಯ ಹೊರಬಾಗಿಲ ಬಳಿ ಸಾಸಿವೆಯಷ್ಟು ಜಾಗ ಸಿಕ್ಕಿತು, ಸುಟ್ಟರು. ಈಗ ಎದೆ ಸರಿಯಾಗಿ ನಡೆಯುತ್ತಿದೆ. ಕತೆಯ ನಡುವೆ ಕದುರಮ್ಮ ರೂಢಿಯಂತೆ ಕೈ ತಡೆದು ಕಾಯುತ್ತಾಳೆ. ನಾನು ನಿಲ್ಲದೆ ಮುಂದೆ ಹೋಗುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮವರ ಎದೆಯ ತಪ್ಪು ನಿಮಗೆಷ್ಟೇ ಚೆಂದ ಕಂಡರೂ, ಹುಡುಕಲು ಬಂದವರಿಂದ ಅದನ್ನು ಬಚ್ಚಿಡಬೇಡಿ. ತಂಗಿಯನ್ನು ನಾನು ಬಿಟ್ಟಿಲ್ಲ, ಈಗಲೂ ಒಂದೇ ಮನೆ. ದಿನವೂ ಗಂಜಿ ತಂದು ಮುಂದೆ ಕೂರುತ್ತಾಳೆ. ಅವಳ ಕೈಗೆ ಬಾಯಿ ತೆರೆಯಲು ಮಾತ್ರ ನನ್ನಿಂದ ಆಗುತ್ತಿಲ್ಲ.

ಓಬಕ್ಕ